ಕೊಟ್ರಮ್ಮನ ಕಣ್ಣು

ನಮ್ಮವರ ಕೈಯಲ್ಲಿ ಫೋಟೋ ಚೆನ್ನಾಗಿ ಬರದಿದ್ದರೆ ತಪ್ಪು ಯಾವತ್ತೂ ಅವರದಾಗಿರುತ್ತಿರಲಿಲ್ಲ. ಕ್ಯಾಮರಾ ಹಳೆಯದು, ಲೆನ್ಸಿಗೆ ಬೂಸ್ಟು ಹಿಡಿದಿದೆ, ಫಿಲ್ಮು ಕಳಪೆ, ಬಿಸಿಲು ಜಾಸ್ತಿ, ಮೋಡ ಜಾಸ್ತಿ, ಏನೂ ಸಿಗದಿದ್ದರೆ ಎದುರಿಗೆ ಕೂತವರ ಮುಖವೇ ಸರಿಯಿಲ್ಲ. ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮದೊಂದು ಫೋಟೋ ಸ್ಟುಡಿಯೋ. ಅದನ್ನು ಕಟ್ಟಿದವರು ನಮ್ಮ ಮಾವ ಪಂಚಾಕ್ಷರಪ್ಪ. ಅವರ ನಂತರ ನಡೆಸುತ್ತಿದ್ದವರು ಅವರ ಮಗ, ನನ್ನ ಗಂಡ ಬಸವೇಶ್. ಅರ್ಧ ಕೆಲಸ ಮಾಡುತ್ತಿದ್ದವಳು ನಾನು, ಭಾಗ್ಯ. ಬೋರ್ಡಿನ ಮೇಲೆ ನನ್ನ ಹೆಸರಿರಲಿಲ್ಲ, ಇರಲಿ ಬಿಡಿ.

ನನ್ನ ಕೆಲಸ ಏನೆಂದು ಹೇಳಿದರೆ ಹೊರಗಿನವರು ಬೆಚ್ಚುತ್ತಾರೆ. ನಾನು ಸತ್ತವರ ಕಣ್ಣು ತೆರೆಸುತ್ತಿದ್ದೆ. ನಮ್ಮ ಲಿಂಗವಂತರಲ್ಲಿ ಯಾರಾದರೂ ತೀರಿಕೊಂಡರೆ ಮಲಗಿಸಿ ಇಡುವುದಿಲ್ಲ, ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಹಣೆ ತುಂಬ ವಿಭೂತಿ, ಕೊರಳ ತುಂಬ ಹಾರ. ಮಣ್ಣಿಗೆ ಒಯ್ಯುವ ಮುಂಚೆ ಒಂದು ಫೋಟೋ. ಹಳ್ಳಿಗಳ ಎಷ್ಟೋ ಮಂದಿಗೆ ಅದೇ ಜೀವಮಾನದ ಮೊದಲ ಫೋಟೋ. ಆದರೆ ಕಣ್ಣು ಮುಚ್ಚಿದ ಮುಖವನ್ನು ಮನೆಯ ಗೋಡೆಗೆ ತೂಗುಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ. ಅದಕ್ಕೇ ಫೋಟೋದೊಳಗೆ ಕಣ್ಣು ತೆರೆಸುವುದು, ಬದುಕಿದ್ದಾಗ ಬಂದು ಕೂತು ತೆಗೆಸಿಕೊಂಡ ಹಾಗೆ ಮಾಡುವುದು.

ಅದೆಲ್ಲ ನಡೆಯುತ್ತಿದ್ದುದು ನೆಗೆಟಿವ್ ಮೇಲೆ. ಮಾವನದು ಮರದ ದೊಡ್ಡ ಕ್ಯಾಮರಾ, ಅದರ ನೆಗೆಟಿವ್ ಅಂಗೈಯಷ್ಟಿರುತ್ತಿತ್ತು. ಅದನ್ನು ಇಳಿಜಾರಾದ ಗಾಜಿನ ಮೇಜಿನ ಮೇಲಿಟ್ಟು, ಕೆಳಗಿನಿಂದ ಕನ್ನಡಿಯ ಬೆಳಕು ಬಿಟ್ಟು, ಮುಚ್ಚಿದ ರೆಪ್ಪೆಯ ಮೇಲೆ ಕೆಲಸ ಮಾಡಬೇಕು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ. ಚೂಪು ಪೆನ್ಸಿಲ್ ತಾಗಿದ ಕಡೆ ಫೋಟೋದಲ್ಲಿ ಬಿಳುಪು ಬರುತ್ತದೆ, ಬ್ಲೇಡಿನ ತುದಿಯಿಂದ ಕೆರೆದ ಕಡೆ ಕಪ್ಪು. ಮಗನಿಗೆ ಅಷ್ಟು ತಾಳ್ಮೆ ಇಲ್ಲವೆಂದು ಮಾವ ನನಗೆ ಕಲಿಸಿದರು.

ಸತ್ತವರ ಮನೆಗೆ ಹೋದರೆ ಮಾವ ತಕ್ಷಣ ಕ್ಯಾಮರಾ ಬಿಚ್ಚುತ್ತಿರಲಿಲ್ಲ. ಅಳುವವರ ನಡುವೆ ಹೋಗಿ ಕೂರುತ್ತಿದ್ದರು. ಹೆಂಡತಿಯನ್ನೋ ತಾಯಿಯನ್ನೋ ಮೆಲ್ಲಗೆ ಮಾತಿಗೆಳೆದು, ಕಣ್ಣು ಹೇಗಿದ್ದವು ಅಂತ ಕೇಳುತ್ತಿದ್ದರು. ನಕ್ಕರೆ ಒಂದು ಕಣ್ಣು ಸಣ್ಣದಾಗುತ್ತಿತ್ತು ಅನ್ನುವರು ಒಬ್ಬರು, ಸಿಟ್ಟು ಬಂದರೂ ಕಣ್ಣು ನಗುತ್ತಿದ್ದವು ಅನ್ನುವರು ಇನ್ನೊಬ್ಬರು. ಅಣ್ಣತಮ್ಮಂದಿರ ಕಣ್ಣುಗಳನ್ನೂ ನೋಡಿಕೊಂಡು ಬಂದು ನನಗೆ ಹೇಳುತ್ತಿದ್ದರು, ನಾನು ಬರೆಯುತ್ತಿದ್ದೆ. "ಅಳೋವಾಗ ಕೇಳ್ಬೇಕವ್ವಾ. ಆಮ್ಯಾಲ ಕೇಳಿದ್ರ ಮಂದಿ ಚೊಲೋ ಚೊಲೋ ಸುಳ್ಳು ಹೇಳ್ತಾರ" ಅನ್ನುತ್ತಿದ್ದರು. ಆ ಹಳೆಯ ಲೆನ್ಸು ಮುಖವನ್ನು ತುಸು ಮೆತ್ತಗೆ ತೋರಿಸುತ್ತಿತ್ತು. ಆ ಮೆತ್ತನೆಯಲ್ಲೇ ಸಾವು ಅರ್ಧ ಕರಗಿರುತ್ತಿತ್ತು, ಉಳಿದರ್ಧ ನನ್ನ ಪಾಲಿಗೆ.

ಮಾವ ತೀರಿಕೊಂಡ ಮೇಲೆ ನಮ್ಮವರಿಗೆ ಹೊಸ ಕ್ಯಾಮರಾದ ಹುಚ್ಚು ಹಿಡಿಯಿತು. ಯಾವಾಗಲೋ ಒಮ್ಮೆ ಹಂಪಿಗೆ ಹೋಗಿದ್ದಾಗ ಯಾರೋ ಪರದೇಶದವನು ಮೊಳದುದ್ದದ ಲೆನ್ಸು ಹಿಡಿದು ಕೂತಿದ್ದನ್ನು ಕಂಡು ಬಂದಿದ್ದರು. ಅಲ್ಲಿಂದ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ.

"ಈ ಡಬ್ಬಿಯಾಗ ದೇವ್ರ ಬಂದು ಕುಂತ್ರೂ ದೆವ್ವ ಆಗಿ ಬರ್ತಾನ. ಅಂಥಾದ್ದೊಂದು ನನ್ನ ಕೈಯಾಗ ಇರ್ಲಿ, ಆಮ್ಯಾಲ ನೋಡು ನಿನ್ನ ಗಂಡ ಏನು ಅಂತ" ಅನ್ನುತ್ತಿದ್ದರು.

"ನೋಡಿದ್ದು ಸಾಲದೇನ್ರಿ?" ಅಂತ ನಾನು ಚೇಷ್ಟೆ ಮಾಡುತ್ತಿದ್ದೆ. ಆದರೆ ನಿಜ ಹೇಳುತ್ತೇನೆ, ಒಳಗೊಳಗೇ ನಂಬಿಯೂ ಇದ್ದೆ. ದಿನಾ ಕಣ್ಣೆದುರಿಗೆ ಒಬ್ಬ ಮನುಷ್ಯ ಅದೊಂದಿದ್ದಿದ್ದರೆ, ಅದೊಂದಿದ್ದಿದ್ದರೆ ಅಂತ ಕೊರಗುತ್ತಿದ್ದರೆ, ಹೆಂಡತಿಯಾದವಳು ಎಷ್ಟು ದಿನ ನಂಬದೆ ಇರಲು ಸಾಧ್ಯ? ಮಾವನ ಹೆಸರು ಹೇಳಿಕೊಂಡೇ ಜನ ನಮ್ಮ ಅಂಗಡಿಗೆ ಬರುತ್ತಿದ್ದರು. ಮಗ ತೆಗೆದ ಫೋಟೋ ನೋಡಿ, ಇರಲಿ ಬಿಡ್ರಿ, ಬಂದೈತಿ ಅನ್ನುತ್ತಿದ್ದರು. ಆ ಮಾತು ಕೇಳಿದಾಗೆಲ್ಲ ನಮ್ಮವರ ಮುಖ ಸಣ್ಣದಾಗುತ್ತಿತ್ತು. ಅದನ್ನು ನೋಡಿ ನನಗೂ ಸಂಕಟವಾಗುತ್ತಿತ್ತು.

ತೊಂಬತ್ತೆಂಟರ ದೀಪಾವಳಿಗೆ ಜಪಾನಿನ ಕ್ಯಾಮರಾ ಬಂತು. ಮಾವನ ಮರದ ಕ್ಯಾಮರಾ, ಅದರ ಮೂರು ಕಾಲಿನ ಸ್ಟ್ಯಾಂಡು, ಫೋಟೋ ದೊಡ್ಡದು ಮಾಡುವ ಯಂತ್ರ ಎಲ್ಲ ಹರಪನಹಳ್ಳಿಯ ಪಾಲಾಕ್ಷನ ಸ್ಟುಡಿಯೋಕ್ಕೆ ಹೋದವು. ನನ್ನ ಕೊರಳಿನದೂ ಹೋಯಿತು, ಆ ಮಾತು ಈಗ ಬೇಡ. ಇನ್ನು ಮೇಲೆ ಕಲರ್ ಫಿಲ್ಮು, ತೊಳೆಸುವುದು ದಾವಣಗೆರೆಯ ಲ್ಯಾಬಿನಲ್ಲಿ. ಗಾಜಿನ ಮೇಜು ಯಾರಿಗೂ ಬೇಡವಾಗಿತ್ತು, ಅದೊಂದು ನನಗೆ ಉಳಿಯಿತು.

ಊರೆಲ್ಲ ಬಂದು ಕ್ಯಾಮರಾ ನೋಡಿಕೊಂಡು ಹೋಯಿತು. ನಮ್ಮವರು ಮದುವೆ ಮನೆಗಳಲ್ಲಿ ಅದನ್ನು ಕೊರಳಿಗೆ ಹಾಕಿಕೊಂಡು ಮದುಮಗನಿಗಿಂತ ಗತ್ತಿನಲ್ಲಿ ಓಡಾಡಿದರು. ಫೋಟೋಗಳು ಬಂದವು. ಮೊದಲು ಮಸುಕಾಗಿ ಸೆಟೆದು ನಿಂತಿರುತ್ತಿದ್ದ ಬೀಗರು ಈಗ ಸ್ಪಷ್ಟವಾಗಿ ಸೆಟೆದು ನಿಂತಿದ್ದರು. ಅಂಚಿನಲ್ಲಿ ನಿಂತವರ ತಲೆ ಕತ್ತರಿಸುವುದು ನಿಂತಿರಲಿಲ್ಲ, ಕತ್ತರಿಸಿದ ಜಾಗ ಚೆನ್ನಾಗಿ ಕಾಣುತ್ತಿತ್ತು. ಒಂದರಲ್ಲಿ ಮದುಮಗಳು ಇನ್ನೇನು ಅತ್ತೇಬಿಡುತ್ತಾಳೆ ಅನ್ನುವ ಹಾಗಿದ್ದಳು. ನಾನು ಅವಳನ್ನೇ ನೋಡುತ್ತಿದ್ದರೆ ಇವರು, "ಸೀರಿ ಜರಿ ನೋಡು, ಎಳಿ ಎಣಸ್ಬಹುದು" ಅಂದರು.

ಜನರೂ ಬುದ್ಧಿವಂತರು. ಫೋಟೋ ಚೆನ್ನಾಗಿದೆ ಅಂತ ಒಬ್ಬರೂ ಅನ್ನಲಿಲ್ಲ. ಕ್ಯಾಮರಾ ಭಾರಿ ಐತಿ ಬಿಡ್ರಿ ಅನ್ನುತ್ತಿದ್ದರು. ಅದನ್ನೇ ತಮ್ಮ ಹೊಗಳಿಕೆ ಅಂದುಕೊಂಡು ಇವರು ಉಬ್ಬುತ್ತಿದ್ದರು.

ಮರು ವರ್ಷದ ಬೇಸಿಗೆಯಲ್ಲಿ ನಾಗಲಿಂಗಮ್ಮನ ಮಗಳು ಕೊಟ್ರಮ್ಮ ತೀರಿಕೊಂಡಳು. ನಾಗಲಿಂಗಮ್ಮ ಉಜ್ಜಿನಿ ರಸ್ತೆಯಲ್ಲಿ ಮಂಡಕ್ಕಿ ಭಟ್ಟಿ ನಡೆಸುವ ಹೆಂಗಸು. ಗಂಡ ಲಾರಿಗೆ ಸಿಕ್ಕು ಸತ್ತಾಗ ಮುಖ ನೋಡುವ ಹಾಗಿರಲಿಲ್ಲ, ಫೋಟೋ ಇಲ್ಲದೆಯೇ ಮಣ್ಣು ಮಾಡಿದ್ದರು. ಆಗಿನಿಂದ ಉಳಿದದ್ದು ಒಬ್ಬಳೇ ಮಗಳು. ಅವಳನ್ನು ಚಿಗಟೇರಿಗೆ ಕೊಟ್ಟಿದ್ದರು. ಮದುವೆ ಉಜ್ಜಿನಿಯಲ್ಲಿ ಸಾಮೂಹಿಕವಾಗಿ ಆದದ್ದು. ಅವಳಿದ್ದ ಒಂದೇ ಒಂದು ಫೋಟೋದಲ್ಲಿ ಜೋಡಿಗಳೆಲ್ಲ ಸಾಲಾಗಿ ನಿಂತಿದ್ದಾರೆ, ಬಾಸಿಂಗದ ಕೆಳಗೆ ಯಾವ ಹುಡುಗಿಯ ಮುಖವೂ ಗುರುತು ಹತ್ತುವುದಿಲ್ಲ. ಕೊಟ್ರಮ್ಮ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಹೆಣ್ಣು ಕೂಸು ಹುಟ್ಟಿತು. ಬಾಣಂತಿಗೆ ಜ್ವರ ಬಂತು, ಇಳಿಯಲಿಲ್ಲ.

ಸುದ್ದಿ ಬಂದಾಗ ನಮ್ಮವರು ಚೀಲ ಹೆಗಲಿಗೇರಿಸಿದರು. ಸತ್ತವಳು ಹೆಂಗಸಾದ್ದರಿಂದ ಸೀರೆ ಸೆರಗು ಸರಿಮಾಡಲು ನಾನೂ ಜೊತೆಗೆ ಹೋದೆ. ಪಡಸಾಲೆಯಲ್ಲಿ ಕೊಟ್ರಮ್ಮನನ್ನು ಹಸಿರು ಸೀರೆ ಉಡಿಸಿ ಕೂಡಿಸಿದ್ದರು. ಬೀಳದಂತೆ ಎದೆಗೆ ಒಂದು ವಸ್ತ್ರ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದ್ದರು. ಒಳಗೆ ಯಾರದೋ ಮಡಿಲಲ್ಲಿ ಕೂಸು ಅಳುತ್ತಿತ್ತು. ನಾಗಲಿಂಗಮ್ಮ ನನ್ನನ್ನು ಕಂಡದ್ದೇ ತಡ, ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು.

"ಭಾಗ್ಯಮ್ಮಾ, ಕಣ್ಣು ನೀನಾ ತೆರಸ್ಬೇಕವ್ವಾ. ನಾಳೆ ಈ ಕೂಸು ದೊಡ್ಡದಾಗಿ ನಮ್ಮವ್ವ ಹೆಂಗಿದ್ಲು ಅಂತ ಕೇಳ್ತೈತಿ. ಏನು ತೋರಿಸ್ಲಿ ನಾನು? ಇವರಪ್ಪನ್ನಂತೂ ಹಂಗಾ ಕಳ್ಕಂಡೆ. ಈಕೀನರ ಗ್ವಾಡಿ ಮ್ಯಾಲ ಇಟ್ಕಂತೀನಿ. ಆಕಿ ಕಣ್ಣು ಹೆಂಗಿದ್ವು ಅಂದ್ರ..."

"ಅವ್ವಾ, ಒಂಚೂರು ಈ ಕಡಿ ಸರೀರಿ, ನೆಳ್ಳು ಬೀಳ್ತೈತಿ" ಅಂದರು ನಮ್ಮವರು. ಕ್ಯಾಮರಾ ಕಣ್ಣಿಗೆ ಹಚ್ಚಿಕೊಂಡೇ ಮಾತು. "ಕಣ್ಣು ತೆರಸೋದು ಗಿರಸೋದು ಹಳೇ ಕಾಲದ್ದು. ಇದರಾಗ ತೆಗದ್ರ ಜೀವಂತ ಎದ್ದು ಕುಂತಂಗ ಬರ್ತಾಳ, ನೀವಾ ನೋಡ್ರಿ."

ನಾಗಲಿಂಗಮ್ಮ ಹೇಳಲು ಹೊರಟಿದ್ದನ್ನು ಬಿಟ್ಟು ಕ್ಯಾಮರಾದ ಕಡೆ ನೋಡಿದರು. ಊರಲ್ಲಿ ಎಲ್ಲರೂ ಹೊಗಳುವ ಕ್ಯಾಮರಾ ಅದು, ಅವರೂ ಕೇಳಿದ್ದರು.

"ಹೌದೇನಪ್ಪಾ?" ಅಂದರು.

ಆ ಒಂದು ಮಾತಿನಲ್ಲಿದ್ದ ಆಸೆಯನ್ನು ನಾನು ಈಗಲೂ ಮರೆತಿಲ್ಲ. ನನ್ನ ಕೈ ಬಿಟ್ಟು ಪಕ್ಕಕ್ಕೆ ಸರಿದರು. ಬೆಳಕಿಗೆ ಅಡ್ಡ ಬರಬ್ಯಾಡ್ರೇ ಅಂತ ಅಳುತ್ತಿದ್ದ ಹೆಂಗಸರನ್ನೂ ತಾವೇ ಎಬ್ಬಿಸಿದರು. ನಾನು ನಾಗಲಿಂಗಮ್ಮನನ್ನು ಹಿಂಬಾಲಿಸಿ ಕಣ್ಣಿನ ಮಾತು ಮುಂದುವರಿಸಬೇಕು ಅನ್ನುವಷ್ಟರಲ್ಲಿ ನಮ್ಮವರು ಫ್ಲ್ಯಾಶು ತಂದು ನನ್ನ ಕೈಗಿಟ್ಟು, ಮೇಲೆ ಎತ್ತಿ ಹಿಡಿ ಅಂದರು. ದೂರದಿಂದ, ಹತ್ತಿರದಿಂದ, ಮೊಣಕಾಲೂರಿ, ಒಂದು ರೀಲು ಪೂರ್ತಿ ತೆಗೆದರು. ಅಷ್ಟು ಹೊತ್ತಿಗೆ ಹೊರಗೆ ಭಜನೆಯವರು ತಾಳ ಶುರು ಮಾಡಿದ್ದರು. ಮಧ್ಯಾಹ್ನ ಇಳಿಯುವುದರೊಳಗೆ ಕೊಟ್ರಮ್ಮನನ್ನು ಎತ್ತಿಕೊಂಡು ಹೋದರು.

ದಾವಣಗೆರೆಯಿಂದ ಫೋಟೋ ತಂದ ದಿನ ನಮ್ಮವರು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಕೂಗಿದರು.

"ಲೇ ಭಾಗ್ಯಾ, ಬಾ ಇಲ್ಲಿ. ನಾ ತೆಗದದ್ದರಾಗ ಇಂಥಾದ್ದು ಯಾವತ್ತೂ ಬಂದಿಲ್ಲ."

ಸುಳ್ಳಲ್ಲ, ಅವರ ಕೈಯಿಂದ ಅಷ್ಟು ಸ್ಪಷ್ಟವಾದ ಫೋಟೋ ಅದುವರೆಗೆ ಬಂದಿರಲಿಲ್ಲ. ವಿಭೂತಿ ಒಣಗಿ ಬಿಟ್ಟ ಬಿರುಕು ಕಾಣುತ್ತಿತ್ತು. ಮೂಗಿಗಿಟ್ಟ ಹತ್ತಿ, ಅದರ ಅಂಚಿನ ಹಳದಿ ಕಾಣುತ್ತಿತ್ತು. ತುಟಿ ಕಪ್ಪಿಟ್ಟು ಒಂದು ಕಡೆಗೆ ಜಗ್ಗಿತ್ತು. ಎದೆಗೆ ಕಟ್ಟಿದ ವಸ್ತ್ರದ ಗಂಟು ಕಾಣುತ್ತಿತ್ತು, ಮಲ್ಲಿಗೆಯ ಮೇಲೆ ಹರಿಯುವ ಇರುವೆಯೂ ಕಾಣುತ್ತಿತ್ತು. ಇವರು ಉಗುರಿನಿಂದ ಮುಟ್ಟಿ ಮುಟ್ಟಿ ತೋರಿಸುತ್ತಿದ್ದರು.

"ರೆಪ್ಪಿಗೂದ್ಲು ನೋಡು, ಒಂದೊಂದೂ ಬಿಡಿಬಿಡಿಯಾಗಿ ಬಂದೈತಿ."

"ಇದು ಹೆಣ ಕಾಣ್ತೈತಲ್ರಿ" ಅಂದೆ.

"ಹೆಣಾನಾ ಅಲ್ಲೇನು ಮತ್ತ? ನೀ ಶಾರ್ಪ್ ನೋಡು ಅಂದ್ರ..."

ಅವರ ಮುಖ ನೋಡಿದೆ. ಖುಷಿಯಿಂದ ಹೊಳೆಯುತ್ತಿತ್ತು. ಇಷ್ಟು ವರ್ಷ ಕ್ಯಾಮರಾದ್ದೇ ತಪ್ಪು ಅಂತ ನಂಬಿಕೊಂಡಿದ್ದು ಎಷ್ಟು ನೆಮ್ಮದಿಯ ವಿಷಯವಾಗಿತ್ತು ಅಂತ ಆವಾಗ ತಿಳಿಯಿತು. ಈ ಮನುಷ್ಯನಿಗೆ ರೆಪ್ಪೆಗೂದಲು ಕಾಣುತ್ತದೆ, ಹುಡುಗಿ ಕಾಣುವುದಿಲ್ಲ. ಜಪಾನಿನದ್ದಲ್ಲ, ದೇವಲೋಕದ ಲೆನ್ಸು ತಂದುಕೊಟ್ಟರೂ ಅದರ ಹಿಂದೆ ಇರುವುದು ಇದೇ ಕಣ್ಣು ತಾನೆ? ದೂರಲು ಇನ್ನು ಹಳೆಯ ಡಬ್ಬಿಯೂ ಮನೆಯಲ್ಲಿರಲಿಲ್ಲ. ನಾನು ಒಲೆಯ ಮುಂದೆ ಹೋಗಿ ಕೂತೆ.

ದಿನಗಳ ಕಾರ್ಯ ಮುಗಿದ ಮೇಲೆ ನಾಗಲಿಂಗಮ್ಮ ಬಂದರು. ಕೂಸನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡಿದ್ದರು. ನಮ್ಮವರು ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿ, ಗಾಜಿನ ಕಟ್ಟು ಹಾಕಿಸಿ, ಮೇಲೆ ಕಾಗದ ಸುತ್ತಿ ಇಟ್ಟಿದ್ದರು. ಕಾಗದವನ್ನು ತಾವೇ ಬಿಚ್ಚಿ ಎದುರಿಗೆ ಹಿಡಿದರು. ನಾಗಲಿಂಗಮ್ಮ ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮವರ ಕಡೆಗಲ್ಲ, ನನ್ನ ಕಡೆಗೆ ತಿರುಗಿದರು.

"ಕಣ್ಣು?" ಅಂದರು.

ನಾನು ತಲೆ ತಗ್ಗಿಸಿದೆ.

"ಎದ್ದು ಕುಂತಂಗ ಬರ್ತಾಳ ಅಂದಿದ್ಯಲ್ಲಪ್ಪಾ ಬಸವೇಶಾ" ಅಂದರು. "ಇದು ಆಕಿ ಸತ್ತದ್ದು. ಸತ್ತದ್ದು ನಾ ನೋಡೀನಿ. ನನಗ ಆಕಿ ಬೇಕಾಗಿತ್ತು."

"ಅಷ್ಟು ಸಮೀಪ ಹಿಡೀಬ್ಯಾಡ್ರಿ ಅವ್ವಾ, ಸ್ವಲ್ಪ ದೂರದಿಂದ ನೋಡ್ರಿ" ಅಂದರು ಇವರು.

ನಾಗಲಿಂಗಮ್ಮ ಜಗಳ ತೆಗೆಯಲಿಲ್ಲ. ಇರುವುದು ಇದೊಂದೇ ಅಂತ ಕಟ್ಟನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು. ಮೆಟ್ಟಿಲಿಳಿಯುವಾಗ ನಾನು ಹಿಂದೆ ಓಡಿ ಹೋಗಿ, ಸ್ವಲ್ಪ ದಿನ ತಡೀರಿ, ಏನಾದರೂ ಮಾಡುತ್ತೇನೆ ಅಂದೆ. ಮಾತು ಕೊಟ್ಟೆನೇ ಹೊರತು ದಾರಿ ಕಾಣಲಿಲ್ಲ. ಈ ಕ್ಯಾಮರಾದ ನೆಗೆಟಿವ್ ಅಂಚೆ ಚೀಟಿಗಿಂತ ತುಸು ದೊಡ್ಡದು, ಅದರಲ್ಲಿ ಮುಖ ಕಡಲೆಬೇಳೆಯಷ್ಟು. ಬಣ್ಣದ ಫಿಲ್ಮು ಬೇರೆ, ಪೆನ್ಸಿಲ್ ತಾಗಿದರೆ ಕಲೆ. ಫೋಟೋದ ಕಾಗದದ ಮೇಲೆಯೇ ಬರೆಯಲು ನೋಡಿದೆ. ಆ ನುಣುಪಿಗೆ ಬಣ್ಣ ನಿಲ್ಲದೆ ಕಣ್ಣೀರಿನ ಹಾಗೆ ಕೆನ್ನೆಗಿಳಿಯಿತು.

ಕೊನೆಗೆ ಹೊಳೆದದ್ದು ಮಾವನ ಕ್ಯಾಮರಾ. ಈ ಫೋಟೋವನ್ನೇ ಅದರ ಮುಂದೆ ಇಟ್ಟು ಕಪ್ಪು ಬಿಳುಪಿನಲ್ಲಿ ಇನ್ನೊಮ್ಮೆ ತೆಗೆದರೆ ಅಂಗೈಯಷ್ಟು ನೆಗೆಟಿವ್ ಸಿಗುತ್ತದೆ. ಇನ್ನೊಂದು ಪ್ರತಿ ಹಿಡಿದು ಹರಪನಹಳ್ಳಿ ಬಸ್ಸು ಹತ್ತಿದೆ. ನಮ್ಮವರು ಜೊತೆಗೆ ಬರಲಿಲ್ಲ. ಪಾಲಾಕ್ಷ ಮಾವನ ಕ್ಯಾಮರಾವನ್ನು ಅಂಗಡಿಯ ಮುಂದೆ ಅಲಂಕಾರಕ್ಕೆ ನಿಲ್ಲಿಸಿದ್ದ.

"ಅಲ್ಲಕ್ಕಾ, ಬಸವೇಶಣ್ಣನ ಹತ್ರ ಅಷ್ಟು ದೊಡ್ಡ ಕ್ಯಾಮರಾ ಐತೆ. ಮತ್ತೆ ಈ ಮುದುಕನ್ನ ಯಾಕೆ ಹುಡುಕ್ಕಂಡು ಬಂದ್ರಿ?" ಅಂತ ನಕ್ಕ.

ಫೋಟೋ ಬಿಚ್ಚಿ ತೋರಿಸಿದ ಮೇಲೆ ನಗಲಿಲ್ಲ. ಧೂಳು ಒರೆಸಿ, ಉಳಿದಿದ್ದ ಹಳೆಯ ಫಿಲ್ಮು ಹುಡುಕಿ ತೆಗೆದು, ಅಲ್ಲೇ ತೊಳೆದು ಒಣಗಿಸಿ ಕೊಟ್ಟ. ನೆಗೆಟಿವ್ ಬೆಳಕಿಗೆ ಹಿಡಿದು ನೋಡಿದೆ. ಮುಖ ಎಲ್ಲ ಕಡೆ ತುಸು ಮೆತ್ತಗಾಗಿತ್ತು. ಬಸ್ಸಿನಲ್ಲಿ ಅದನ್ನು ಎದೆಗವಚಿಕೊಂಡು ಬಂದೆ. ಆ ದಾರಿಯುದ್ದಕ್ಕೂ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಗಾಜಿನ ಮೇಜು ಒರೆಸಿ ಕೂತೆ. ಮೂಗಿನ ಹತ್ತಿ ಹೋಯಿತು. ವಿಭೂತಿಯ ಬಿರುಕು ಮುಚ್ಚಿತು. ತುಟಿಯ ಕಪ್ಪು ತಿಳಿಯಾಯಿತು, ಜಗ್ಗಿದ ಕಡೆ ಸರಿಹೋಯಿತು. ವಸ್ತ್ರದ ಗಂಟು ಸೀರೆಯ ನೆರಿಗೆಯಾಯಿತು. ಒಬ್ಬ ಹುಡುಗಿ ಹೊರಗೆ ಬರುತ್ತಿದ್ದಾಳೆ ಅನ್ನಿಸಿತು. ಉಳಿದದ್ದು ಕಣ್ಣು. ಅಲ್ಲಿ ಕೈ ನಿಂತಿತು. ಕೊಟ್ರಮ್ಮನನ್ನು ಜೀವ ಇದ್ದಾಗ ನಾನು ಗಮನಿಸಿ ನೋಡಿದವಳಲ್ಲ. ಒಡಹುಟ್ಟಿದವರಿಲ್ಲ. ಅವಳದ್ದು ತಂದೆಯ ಮುಖ ಅನ್ನುತ್ತಿದ್ದರು, ಆ ತಂದೆಯ ಫೋಟೋ ಇಲ್ಲ. ನಾಗಲಿಂಗಮ್ಮನಿಗೇ ಹೇಳಿ ಕಳಿಸಿದೆ.

ಅವರು ಬೆಳಗ್ಗೆಯೇ ಬಂದರು. ಭಟ್ಟಿಯಿಂದ ನೇರವಾಗಿ ಬಂದಿದ್ದರು, ತಲೆಗೂದಲ ಮೇಲೆ ಹೊಟ್ಟು ಕೂತಿತ್ತು. ಒಂದು ಕಂಕುಳಲ್ಲಿ ಕೂಸು, ಇನ್ನೊಂದರಲ್ಲಿ ಕಟ್ಟು ಹಾಕಿದ ಫೋಟೋ. ನಮ್ಮವರು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ಲೆನ್ಸು ಒರೆಸುತ್ತಿದ್ದರು. ನಾನು ನಾಗಲಿಂಗಮ್ಮನನ್ನು ಮೇಜಿನ ಪಕ್ಕ ಕೂಡಿಸಿ ನೆಗೆಟಿವ್ ತೋರಿಸಿದೆ. ನೆಗೆಟಿವ್‌ನಲ್ಲಿ ಏನು ತಿಳಿದೀತು ಅವರಿಗೆ, ಆದರೂ ಹ್ಞೂಂ ಹ್ಞೂಂ ಅಂದರು.

"ಎಲ್ಲಾ ಆಗೇತ್ರಿ. ಕಣ್ಣು ಒಂದು ಹೇಳಿಬಿಡ್ರಿ, ನಾಳೆ ಇಷ್ಟೊತ್ತಿಗೆ ನಿಮ್ಮ ಮಗಳು ನಿಮ್ಮನ್ನ ನೋಡ್ತಿರ್ತಾಳ" ಅಂದೆ.

ನಾಗಲಿಂಗಮ್ಮ ಕಣ್ಣು ಮುಚ್ಚಿದರು. ತುಟಿ ಏನೋ ಹೇಳಲು ಹೋಗಿ ನಿಂತಿತು. ಕಣ್ಣು ಬಿಟ್ಟರು. ತಡೀ ಅಂದು ಮತ್ತೆ ಮುಚ್ಚಿದರು. ಈ ಸಲ ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ ಕೂತರು.

"ದೊಡ್ಡವಾ?" ಅಂದೆ.

"ಹ್ಞೂಂ, ದೊಡ್ಡವು... ಅಲ್ಲಲ್ಲ. ಅಷ್ಟೇನಿಲ್ಲ."

"ನಕ್ಕಾಗ ಹೆಂಗ ಆಗ್ತಿದ್ವು?"

ಕೂಸಿನ ಕಾಲು ಸವರುತ್ತಿದ್ದ ಕೈ ನಿಂತಿತ್ತು.

"ಬರವಲ್ದವ್ವಾ" ಅಂದರು. ಧ್ವನಿ ಬೇರೆಯೇ ಆಗಿತ್ತು. "ಮೊದ್ಲು ಕಣ್ಣು ಮುಚ್ಚಿದ್ರ ಸಾಕು, ಭಟ್ಟಿ ಮುಂದ ಬಂದು ನಿಂದ್ರುತಿದ್ಲು. ಯವ್ವಾ, ಹೊಗಿ ಕುಡದು ಸಾಯ್ತಿ, ಏಳು ಮ್ಯಾಕ ಅಂತಿದ್ಲು. ಈ ಫೋಟೋ ಒಯ್ದು ಗ್ವಾಡಿಗೆ ಹಾಕ್ದೆ. ದಿನಾ ನೋಡಿದೆ, ನೋಡಿ ನೋಡಿ ಅತ್ತೆ. ಈಗ ಕಣ್ಣು ಮುಚ್ಚಿದ್ರ ಇದಾ ಬರ್ತೈತಿ. ಆ ಹತ್ತಿ, ಆ ಕರ್ರನ ತುಟಿ, ಮುಚ್ಚಿದ ಕಣ್ಣು. ಮಾತು ಕೇಳಸ್ತೈತಿ, ಮುಖ ಈ ಹೆಣದ್ದಾ ಬರ್ತೈತಿ. ನಾ ಹೆತ್ತಾಕಿ ಕಣ್ಣು ನನಗಾ ನೆನಪಾಗವಲ್ದಲ್ಲಾ."

"ನಿಮ್ಮ ಅಳಿಯನ್ನ ಕೇಳೋಣ ತಡೀರಿ."

"ಕೇಳೀನಿ. ಚೊಲೋ ಇದ್ವು ಅಂತಾನ."

ಕೇಳೋಣ ಅನ್ನಲು ಇನ್ನು ಯಾರೂ ಉಳಿದಿರಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರೂ ಒಂದೊಂದು ಹೇಳುತ್ತಾರೆ, ಅದರಲ್ಲಿ ನಿಜ ಯಾವುದೆಂದು ಆರಿಸಿ ಕೊಡಬೇಕಾದವರು ನಾಗಲಿಂಗಮ್ಮನೇ. ಯಾವುದಾದರೂ ಒಂದು ಜೊತೆ ಕಣ್ಣು ಬರೆದುಬಿಡಲೇ ಅಂತ ನನ್ನ ಮನಸ್ಸಿಗೆ ಬಂದದ್ದು ಅವರಿಗೆ ಗೊತ್ತಾಯಿತೋ ಏನೋ, ಪೆನ್ಸಿಲ್ ಹಿಡಿದ ನನ್ನ ಕೈಯನ್ನು ಮೆಲ್ಲಗೆ ಕೆಳಗಿಳಿಸಿದರು.

"ಬ್ಯಾಡ ಬಿಡವ್ವಾ. ಯಾರ್ದೋ ಕಣ್ಣು ಹಚ್ಚಿ, ಇದಾ ನಿಮ್ಮವ್ವ ಅಂತ ಈ ಕೂಸಿಗೆ ಹೆಂಗ ಹೇಳ್ಲಿ?"

ಎದ್ದರು. ಕಟ್ಟು ಹಾಕಿದ ಫೋಟೋವನ್ನು ಬೆಂಚಿನ ಮೇಲೆ ಬೋರಲು ಇಟ್ಟರು. ಬಾಗಿಲ ಹತ್ತಿರ ನಮ್ಮವರ ಮುಂದೆ ಬಂದು ನಿಂತರು. ಬೈಯುತ್ತಾರೆ ಅಂದುಕೊಂಡೆ, ಬೈದರೆ ಬೈಯಲಿ, ಇಬ್ಬರಿಗೂ ಹಗುರವಾದೀತು ಅಂತಲೂ ಅನ್ನಿಸಿತು. ಅವರು ಸಿಟ್ಟೇ ಇಲ್ಲದ ಧ್ವನಿಯಲ್ಲಿ ಹೇಳಿದರು.

"ಫೋಟೋ ತೆಗೀತೀನಿ ಅಂದಿದ್ಯಲ್ಲಪ್ಪಾ. ಖರೇನಾ ತಗದುಬಿಟ್ಟಿ. ನನ್ನ ಮಗಳ್ನ ನನ್ನ ಕಣ್ಣಾಗಿಂದಾನಾ ತಗದುಬಿಟ್ಟಿ."

ಲೆನ್ಸು ಒರೆಸುವ ಬಟ್ಟೆ ನಮ್ಮವರ ಕೈಯಲ್ಲಿ ಹಾಗೇ ಉಳಿಯಿತು. ನಾಗಲಿಂಗಮ್ಮ ಬಿಸಿಲಿಗೆ ಕೂಸಿನ ಮುಖದ ಮೇಲೆ ಸೆರಗು ಎಳೆದುಕೊಂಡು ಉಜ್ಜಿನಿ ರಸ್ತೆಯ ಕಡೆಗೆ ಹೋದರು. ಓಣಿಯ ತಿರುವಿನವರೆಗೆ ಇಬ್ಬರೂ ನೋಡುತ್ತಿದ್ದೆವು. ನಾನು ಮೇಜಿನ ಹತ್ತಿರ, ಅವರು ನನಗೆ ಬೆನ್ನು ಹಾಕಿ ಬಾಗಿಲಲ್ಲಿ.

ಬೆಳಕಿನದೋ ಫಿಲ್ಮಿನದೋ ಏನಾದರೊಂದು ತಪ್ಪು ತೆಗೆಯುತ್ತಾರೆ ಅಂತ ಕಾಯುತ್ತಿದ್ದೆ. ಆ ಹೊತ್ತಿನಲ್ಲಿ ಅದಾದರೂ ಬರಲಿ ಅಂತ ಬೇಡಿಕೊಂಡೆ ಅಂದರೂ ಸರಿ. ಬರಲಿಲ್ಲ. ಕ್ಯಾಮರಾವನ್ನು ಸ್ಟೂಲಿನ ಮೇಲಿಟ್ಟು ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಭಾಗ್ಯಾ" ಅಂದರು, ತಿರುಗದೆ.

"ಹ್ಞೂಂ."

"ನೀ ನನ್ನ ಹಿಂದ ಅದೀಯಲ್ಲ. ನಿನ್ನ ಕಣ್ಣು ಹೆಂಗದಾವ ಅಂತ ನೆನಸ್ಕಳಾಕ ಹತ್ತೀನಿ."

ನಾನು ಕಾದೆ.

"ಬರವಲ್ದು" ಅಂದರು.

ತಿರುಗಿ ನೋಡ್ರಿ, ಇಲ್ಲೇ ಅದೀನಿ ಅನ್ನಬೇಕೆಂದಿದ್ದೆ. ಬಾಯಿ ಬರಲಿಲ್ಲ. ಅವರು ತಿರುಗಿ ನೋಡಿ, ಆಗಲೂ ಅವರಿಗೆ ಏನೂ ಕಾಣದಿದ್ದರೆ ಅನ್ನುವ ಹೆದರಿಕೆ ನನಗೆ. ಅವರಿಗೂ ಅದೇ ಹೆದರಿಕೆ ಇತ್ತೇನೋ, ತಿರುಗಲಿಲ್ಲ.